ಹನುಮಪ್ಪನ ಹಾಡು, ನಮ್ಮ ಪಾಡು

ದೇವರ ಹಾಡಿಗೆ ಅಂತ ನಾನು ಬಾಯಿ ತೆರೆದಾಗೆಲ್ಲ ಅಕ್ಕಪಕ್ಕದಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ದೀಪ ಹಚ್ಚಿ ಶ್ರುತಿಪೆಟ್ಟಿಗೆ ಹಾಕಿದರೆ ಕರೆಂಟು ಹೋಗುತ್ತದೆ. ಕರೆಂಟು ಇದ್ದರೆ ಎದುರುಮನೆಯ ಮಿಕ್ಸಿ ನನಗಿಂತ ಅರ್ಧ ಸ್ವರ ಮೇಲೆ ಶುರುಮಾಡುತ್ತದೆ. ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ಮಗ್ಗದ ಬೀದಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು ನಾನು. ಕನ್ನಡದವರು ಹಾಡಿನ ಮೇಡಂ ಅನ್ನುತ್ತಾರೆ, ತೆಲುಗಿನವರು ಪಾಟಲ ಟೀಚರಮ್ಮ ಅನ್ನುತ್ತಾರೆ. ನಮ್ಮ ಅವ್ವ ಮಾತ್ರ "ಗಂಟ್ಲು ಹರ್ಕೊಳ್ಳೋ ಕೆಲ್ಸ" ಅನ್ನುತ್ತಾಳೆ.

ಈ ಅವ್ವನ ಹತ್ತಿರ ಒಂದು ಹಾಡಿತ್ತು. ಅವಳ ತವರು ಕಲ್ಯಾಣದುರ್ಗ. ಅಲ್ಲಿ ಬೆಟ್ಟದ ಬುಡದಲ್ಲಿರುವ ಆಂಜನೇಯನ ಮೇಲೆ ಅವಳಜ್ಜಿ ಹೇಳುತ್ತಿದ್ದ ಹಾಡು. ಎಲ್ಲೂ ಬರೆದಿಟ್ಟಿಲ್ಲ, ಬೇರೆ ಯಾರಿಗೂ ಬಾರದು. ಹೋದ ವರ್ಷ ಅವ್ವ ಜ್ವರ ಬಂದು ಆಸ್ಪತ್ರೆ ಸೇರಿದಾಗ ನನಗೆ ದಿಗಿಲಾಯಿತು. ಅವ್ವನ ಜೊತೆ ಹಾಡೂ ಹೊರಟುಹೋದರೆ? ಅವಳು ಎದ್ದು ಕೂತು ಆಸ್ಪತ್ರೆಯ ಇಡ್ಲಿಯನ್ನು ಬೈದ ದಿನವೇ ತೀರ್ಮಾನ ಮಾಡಿಬಿಟ್ಟೆ. ಬೀದಿಯ ಮಕ್ಕಳ ಕೈಲಿ ಆ ಹಾಡು ಹಾಡಿಸುವುದು, ಕಲ್ಯಾಣದುರ್ಗದ ಗುಡಿಯ ಮುಂದೆ ವಿಡಿಯೋ ಮಾಡಿಸುವುದು, ಹನುಮ ಜಯಂತಿಯ ದಿನ ಅಲ್ಲೇ ಎಲ್ಲರಿಗೂ ತೋರಿಸುವುದು. ಗುಡಿಯ ಪೂಜಾರಿಗಳೂ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಭಕ್ತಿಯ ಟೊಮೇಟೊ

ನಮ್ಮ ಮಕ್ಕಳಲ್ಲಿ ಎಲ್ಲರಿಗಿಂತ ಗಟ್ಟಿ ದನಿ ತರಕಾರಿ ಆಟೋದವರ ಮಗನದು. ಅಪ್ಪನ ಆಟೋಗೆ ಮೈಕಿನಲ್ಲಿ ಕೂಗಿ ರೆಕಾರ್ಡು ಮಾಡಿಕೊಡುವವನೇ ಅವನು. ಸ್ವರ ಶುದ್ಧ, ಉಸಿರು ಉದ್ದ. ಆದರೆ ಯಾವ ಸಾಲು ಹೇಳಿದರೂ ಕೊನೆಯಲ್ಲಿ ತರಕಾರಿ ಕೂಗುವ ಹಾಗೆ ಎತ್ತಿ ಬಿಡುತ್ತಿದ್ದ. "ಬಾರೋ ಹನುಮಾ" ಅಂತ ಅವನು ಹಾಡಿದರೆ ಹನುಮಪ್ಪ ಕೆಜಿ ಲೆಕ್ಕದಲ್ಲಿ ಸಿಗುತ್ತಾನೇನೋ ಅನ್ನಿಸುತ್ತಿತ್ತು.

ಹಟ ಹಿಡಿದು ತಿದ್ದಿದೆ. "ಕೂಗಬೇಡ, ಕರೀ. ಕೊನೇಲಿ ತಗ್ಗಿಸು. ಕಣ್ಣು ಮುಚ್ಚಿ ದೇವರನ್ನ ನೆನೆಸ್ಕೊಂಡು ಹೇಳು" ಅಂತ ದಿನಾ ಹೇಳಿಸಿದೆ. ಹುಡುಗ ಜಾಣ, ಹಿಡಿದುಕೊಂಡ. ಎಷ್ಟು ಚೆನ್ನಾಗಿ ಹಿಡಿದುಕೊಂಡ ಅನ್ನುವುದು ಒಂದು ಬೆಳಿಗ್ಗೆ ಅವರಪ್ಪ ಆಟೋ ಸಮೇತ ನಮ್ಮ ಬಾಗಿಲಿಗೆ ಬಂದಾಗಲೇ ಗೊತ್ತಾಗಿದ್ದು.

"ಮೇಡಮ್ಮೋರೇ, ಏನು ಮಾಡ್ಬುಟ್ರಿ ನನ್ನ ಮಗನ್ನ?"

"ಯಾಕಣ್ಣ, ಏನಾಯ್ತು?"

"ಹೊಸದಾಗಿ ಒಂದು ರೆಕಾರ್ಡು ಮಾಡ್ಕೊಡೋ ಅಂದೆ. ಮಾಡ್ಕೊಟ್ಟವ್ನೆ. ಟಮಾಟ, ಬದ್ನೆಕಾಯಿ, ಬೆಂಡೆಕಾಯಿ ಎಲ್ಲಾನೂ ಎಳ್ದು ಎಳ್ದು ಭಕ್ತಿಯಿಂದ ಹೇಳವ್ನೆ. ಬೀದಿಗೆ ಹೋದ್ರೆ ಒಬ್ಬ ಹೆಂಗ್ಸೂ ಬ್ಯಾಗು ತರ್ಲಿಲ್ಲ ಕಣಮ್ಮ."

"ಮತ್ತೆ?"

"ಆರತಿ ತಟ್ಟೆ ತಂದ್ರು! ಯಾವ್ದೋ ದೇವ್ರ ಗಾಡಿ ಬಂತು ಅಂದ್ಕೊಂಡವ್ರೆ. ಒಬ್ಬಜ್ಜಿ ಚಕ್ರಕ್ಕೆ ನೀರು ಹಾಕಿ, ಕೈ ಮುಗ್ದು, ಪ್ರಸಾದ ಕೊಡಪ್ಪ ಅಂತ ಕೈ ಒಡ್ಡಿದ್ಲು."

"ನೀವೇನು ಮಾಡಿದ್ರಿ?"

"ಏನು ಮಾಡ್ಲಿ? ಒಂದು ಸೌತೆಕಾಯಿ ಕೊಟ್ಟೆ. ಕಣ್ಣಿಗೆ ಒತ್ಕೊಂಡು ಒಳಕ್ಕೆ ಹೋದ್ಲು."

ಎತ್ತಿದ್ದು ಯಾವ ಬಾಲ

ನಮ್ಮ ಗುಂಪಿನಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ, ಇನ್ನರ್ಧದ್ದು ತೆಲುಗು. ಆಡುವಾಗ ಯಾರು ಯಾವುದು ಅಂತ ಅವರಿಗೇ ಗೊತ್ತಿರುವುದಿಲ್ಲ. ಹಾಡನ್ನು ಎಲ್ಲರೂ ತೆಲುಗು ಅಕ್ಷರದಲ್ಲೇ ಬರೆದುಕೊಂಡು ಬಾಯಿಪಾಠ ಮಾಡಿದ್ದರು. ಅವ್ವನ ಹಾಡು ಶುರುವಾಗುವುದೇ "ಬಾಲ ಎತ್ತಿ ಬಾರೋ ಹನುಮಾ, ಬೆಟ್ಟ ಇಳಿದು ಬಾರೋ" ಅಂತ.

ವಿಡಿಯೋ ಅಂದಮೇಲೆ ಸುಮ್ಮನೆ ಕಂಬದ ಹಾಗೆ ನಿಂತರೆ ಆಗುವುದಿಲ್ಲವಲ್ಲ. "ಅರ್ಥಕ್ಕೆ ತಕ್ಕ ಹಾಗೆ ನೀವೇ ಅಭಿನಯ ಮಾಡಿ ತೋರಿಸಿ" ಅಂದೆ. ಮಕ್ಕಳು ಸಾಲಾಗಿ ನಿಂತರು. "ಬಾಲ ಎತ್ತಿ" ಅಂತ ಬಂದ ಕೂಡಲೇ ಎತ್ತರದ ತೆಲುಗು ಹುಡುಗಿಯೊಬ್ಬಳು ಪಕ್ಕದಲ್ಲಿದ್ದ ಎಲ್ಲರಿಗಿಂತ ಚಿಕ್ಕ ಕೂಸನ್ನು, ಇಡ್ಲಿ ಅಂಗಡಿ ಅಜ್ಜಿಯ ಮೊಮ್ಮಗಳನ್ನು, ಗಬಕ್ಕನೆ ತಲೆಯ ಮೇಲಕ್ಕೆ ಎತ್ತಿದಳು. ಪಲ್ಲವಿ ಮತ್ತೆ ಬಂತು, ಮತ್ತೆ ಎತ್ತಿದಳು.

"ಏನೇ ಇದು?" ಅಂದೆ.

"ಬಾಲನಿ ಎತ್ತಮನ್ನಾರು ಕದಾ ಮೇಡಂ!" ಅಂದಳು ಏದುಸಿರು ಬಿಡುತ್ತ. ತೆಲುಗಿನಲ್ಲಿ ಬಾಲ ಅಂದರೆ ಮಗು. ಮಗುವನ್ನು ಎತ್ತು ಅಂತ ನಾನೇ ಹೇಳಿದ ಹಾಗಾಗಿತ್ತು.

"ಅಯ್ಯೋ, ಮಗು ಅಲ್ಲ ಕಣೇ. ಬಾಲ ಅಂದ್ರೆ ತೋಕ, ಹನುಮಂತನ ತೋಕ!"

ಹುಡುಗಿ ತನ್ನ ಕೈಯಲ್ಲಿದ್ದ ಕೂಸನ್ನು ಒಂದು ಸಲ ನೋಡಿ ಕೆಳಗಿಳಿಸಿದಳು. ಆದರೆ ಕೂಸು ಬಿಡಬೇಕಲ್ಲ? ಅದಕ್ಕೆ ಆ ಎತ್ತರ ಹಿಡಿಸಿಬಿಟ್ಟಿತ್ತು. ಕಾಲು ಬಡಿದು ಅತ್ತಿತು. ಮಾರನೇ ದಿನ ಇಡ್ಲಿ ಅಂಗಡಿ ಅಜ್ಜಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಏನಮ್ಮ, ನಮ್ಮ ಮಗೀಗೆ ಏನು ಹೇಳ್ಕೊಟ್ಟೆ? ಅಂಗ್ಡೀಗೆ ಬಂದೋರಿಗೆಲ್ಲ 'ನಾನು ಮೇಡಮ್ಮೋರ ಬಾಲ' ಅಂತಾವ್ಳೆ!"

ಅಜ್ಜಿಗೆ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಕೂಸು ಹೇಳಿದ್ದು ಸುಳ್ಳಾಗಲಿಲ್ಲ. ಅವತ್ತಿನಿಂದ ನಾನು ಹಾಲಿಗೆ ಹೋಗಲಿ, ಬ್ಯಾಂಕಿಗೆ ಹೋಗಲಿ, ಸೆರಗು ಹಿಡಿದುಕೊಂಡು ಹಿಂದೆಯೇ ಬರುತ್ತಿತ್ತು.

ಮಗ್ಗದ ಮಾವನ ಮೃದಂಗ

ವಿಡಿಯೋ ಮಾಡಲು ಸಿಕ್ಕವನು ನಮ್ಮ ಬೀದಿಯ ಮದುವೆ ವಿಡಿಯೋಗ್ರಾಫರು. ಹಾಡಿನ ರೆಕಾರ್ಡಿಂಗೂ ಅವನ ಮಹಡಿ ಕೋಣೆಯಲ್ಲೇ. ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಅಂಟಿಸಿ ಸ್ಟುಡಿಯೋ ಅಂತ ಬೋರ್ಡು ಹಾಕಿದ್ದ. ಆದರೆ ಮೊಟ್ಟೆ ಟ್ರೇಗೆಲ್ಲ ಬಗ್ಗುವ ಸದ್ದೇ ನಮ್ಮ ಬೀದಿಯದು? ಸುತ್ತಮುತ್ತ ಪವರ್‌ಲೂಮುಗಳು ಬೆಳಗಿನಿಂದ ಸಂಜೆಯವರೆಗೆ ದಡಬಡ ಅನ್ನುತ್ತಲೇ ಇರುತ್ತವೆ.

"ಮೇಡಂ, ಈ ಸದ್ದಲ್ಲಿ ಹನುಮಪ್ಪ ಲಂಕೆ ಸುಟ್ಟಂಗೆ ಕೇಳ್ಸುತ್ತೆ. ಮಗ್ಗ ನಿಲ್ಸಿ" ಅಂದ.

ಮನೆಮನೆಗೂ ಹೋಗಿ ಕೇಳಿಕೊಂಡೆ. ದೇವರ ಹಾಡು, ಜೊತೆಗೆ ಹಾಡುವವರು ಅವರವರದೇ ಮಕ್ಕಳು. ಪಾಪ, ಎಲ್ಲರೂ ನಿಲ್ಲಿಸಿದರು. ಬೀದಿ ಹುಟ್ಟಿದಾಗಿನಿಂದ ಹಗಲು ಹೊತ್ತಿನಲ್ಲಿ ಅಂಥ ನಿಶ್ಶಬ್ದ ಕೇಳಿರಲಿಲ್ಲ. ಮಲಗಿದ್ದ ನಾಯಿಗಳು ಎದ್ದು ಏನಾಯಿತೋ ಅಂತ ಅತ್ತಿತ್ತ ನೋಡಿದವು.

"ಹಾಡಿ" ಅಂದೆ. ಮಕ್ಕಳು ಶುರುಮಾಡಿದರು. ಒಬ್ಬ ಬೆಟ್ಟದ ಮೇಲಿದ್ದರೆ ಇನ್ನೊಬ್ಬಳು ಆಗಲೇ ಇಳಿದು ಊರು ಸೇರಿದ್ದಳು. ತಾಳ ದಿಕ್ಕಾಪಾಲು. ಎಷ್ಟು ಸಲ ಹಾಡಿಸಿದರೂ ಅದೇ ಕಥೆ. ಕೊನೆಗೆ ತರಕಾರಿ ಆಟೋದವರ ಮಗನೇ ಹೇಳಿದ, "ಮೇಡಂ, ಮಗ್ಗ ಇಲ್ದೆ ಹೆಂಗೆ ಹಾಡೋದು?"

ತೊಟ್ಟಿಲಿನಿಂದ ಮಗ್ಗದ ಸದ್ದು ಕೇಳಿ ಬೆಳೆದ ಮಕ್ಕಳು. ನಾನು ಕೈಯಲ್ಲಿ ಹಾಕುತ್ತಿದ್ದ ತಾಳವನ್ನು ಇಷ್ಟು ದಿನ ಯಾರೂ ನೋಡಿರಲೇ ಇಲ್ಲ.

ಪವರ್‌ಲೂಮಿನ ಓಟ ಈ ಹಾಡಿಗೆ ಹೊಂದುವುದಿಲ್ಲ. ಪಕ್ಕದ ಮನೆಯ ಮಾವನ ಹತ್ತಿರ ಇನ್ನೂ ಕೈಮಗ್ಗವಿತ್ತು. ಅವರನ್ನು ಹಿಡಿದೆ. ಮೈಕಿನ ವೈರನ್ನು ಕಿಟಕಿಯಿಂದ ಅವರ ಮನೆಗೆ ಇಳಿಬಿಟ್ಟು, "ಸ್ವಲ್ಪ ನಿಧಾನಕ್ಕೆ ನೇಯಿ ಮಾವ, ಹನುಮಪ್ಪ ಬೆಟ್ಟ ಇಳೀಬೇಕು" ಅಂತ ಕೂಗಿದೆ. ಟಕ್, ಟಕ್ ಅಂತ ಹದವಾಗಿ ಶುರುವಾಯಿತು. ಮಕ್ಕಳ ದನಿ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕೂಡಿಕೊಂಡಿತು.

ಮೂಲೆಯಲ್ಲಿ ಅವ್ವ ಕೂತಿದ್ದಳು. ಜ್ವರ ಬಂದು ಹೋದಮೇಲೆ ಹಾಡಿನ ಕೊನೆಯ ನುಡಿ ಅವಳಿಗೆ ಮರೆತುಹೋಗಿತ್ತು. ಎಷ್ಟು ತಡಕಿದರೂ ಸಿಕ್ಕಿರಲಿಲ್ಲ, ಅದಿಲ್ಲದೆಯೇ ಮುಗಿಸೋಣ ಅಂತ ನಾವು ಸುಮ್ಮನಾಗಿದ್ದೆವು. ಈಗ ನೋಡುತ್ತೇನೆ, ಸೀರೆಯ ಕೆಳಗೆ ಅವಳ ಪಾದ ಮಗ್ಗದ ತುಳಿಗೋಲು ಒತ್ತುವ ಹಾಗೆ ಮೇಲೆ ಕೆಳಗೆ ಆಡುತ್ತಿದೆ. ಮಕ್ಕಳು ನಿಲ್ಲಿಸಿದ ಕಡೆಯಿಂದ ಅವಳು ಎತ್ತಿಕೊಂಡಳು. ಕೊನೆಯ ನುಡಿ ಪೂರ್ತಿ, ಒಂದು ಅಕ್ಷರ ತಡವರಿಸದೆ ಬಂತು. ವಿಡಿಯೋಗ್ರಾಫರು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತು ಕೂತಿದ್ದ.

"ಅಜ್ಜಿ ಅಳ್ತಾವ್ಳೆ" ಅಂತು ನನ್ನ ಬಾಲ.

"ಅಳೋದ್ಯಾರೇ? ನೂಲಿನ ಧೂಳು" ಅಂತ ಅವ್ವ ಗದರಿದಳು.

ಅಷ್ಟರಲ್ಲಿ ಕಿಟಕಿಯ ಕೆಳಗಿನಿಂದ ಮಾವ ಕೂಗಿದರು. "ಆಯ್ತೇನಮ್ಮ? ನಂದು ಹೆಂಗೆ ಬಂತು?"

"ಬಂಗಾರದಂಗೆ ಬಂತು ಮಾವ! ವಿಡಿಯೋದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ, ಮಗ್ಗ ಅಂತ."

"ಮಗ್ಗ ಅಂತ ಬ್ಯಾಡ ಕಣಮ್ಮ. ಮೃದಂಗ ಅಂತ ಹಾಕ್ಸು. ನಮ್ಮ ಬೀಗ್ರು ನೋಡ್ತಾರೆ."

ಹಾಗೆಯೇ ಹಾಕಿಸಿದ್ದೇವೆ. ಕಛೇರಿ ಮುಗಿಯುವ ಹೊತ್ತಿಗೆ ಒಂದು ಮೊಳ ರೇಷ್ಮೆ ಸೀರೆ ಹೊರಬಂದ ಮೃದಂಗ ಲೋಕದಲ್ಲಿ ಅದೊಂದೇ ಇರಬೇಕು.

ಕುಂತ ಕಡೆಯೇ ಕುಂತವರು

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. ವ್ಯಾನಿನ ತುಂಬ ಕೇಸರಿ ಪಂಚೆ ಉಟ್ಟ ಮಕ್ಕಳು. ಪಾವಗಡದ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಒಳಗೆ ಇಣುಕಿ ನೋಡಿ, ನಾಟಕದವರೋ ಅಂತ ಕೇಳಿ, ದೇವರ ಹಾಡಿನವರು ಅಂದಾಗ "ಎಲ್ಲಿ, ಒಂದು ಹೇಳಿ ನೋಡೋಣ" ಅಂದರು. ಮಕ್ಕಳು ಹೇಳಿದರು. ಪೊಲೀಸರಿಗೆ ಬಹಳ ಖುಷಿಯಾಯಿತು.

"ಆಂಧ್ರದೋರು ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತ್ರಿ?"

ಮುಂದಿನ ಸೀಟಿನಿಂದ ಅವ್ವ ಅಂದಳು, "ಹೊಟ್ಟೇಲೇ ಕಲ್ತ್ಕೊಂಡು ಬಂದಿದ್ದು ಕಣಪ್ಪ. ನಮ್ದು ಕನ್ನಡಾನೇ."

"ಹೌದಾ? ಹಂಗಾದ್ರೆ ಆಂಧ್ರಕ್ಕೆ ಯಾವಾಗ ಹೋದ್ರಮ್ಮ?"

"ನಾವೆಲ್ಲಪ್ಪ ಹೋದ್ವಿ? ನಮ್ಮಜ್ಜಿ ಕುಂತಿದ್ದ ಕಡೇನೇ ನಾವೂ ಕುಂತಿದ್ದೀವಿ. ಗಡೀನೇ ಬಂದು ನಮಗೂ ನಿಮಗೂ ನಡುವೆ ಕುಂತ್ಕೊಂಡೈತೆ. ನೀನು ಪೊಲೀಸಲ್ವಾ, ಎಬ್ಬಿಸು ನೋಡಾನ!"

ಮರದ ಮೇಲಿನ ದನಿ

ಕಲ್ಯಾಣದುರ್ಗದ ಗುಡಿಯ ಮುಂದೆ ದೊಡ್ಡ ಅರಳಿಮರ. ಮರದ ತುಂಬ ಕೋತಿ. ನಮ್ಮ ವಿಡಿಯೋಗ್ರಾಫರು ಊದಿನಕಡ್ಡಿ ಹಚ್ಚಿ, ಕ್ಯಾಮೆರಾಕ್ಕೆ ಕೈಮುಗಿದು ಕೆಲಸ ಶುರುಮಾಡಿದ. ಆದರೆ ಅವನಿಗೆ ಅಭ್ಯಾಸವಿದ್ದದ್ದು ಮದುಮಕ್ಕಳ ಶೂಟಿಂಗು. "ನಿಧಾನಕ್ಕೆ ತಿರುಗಿ, ಒಂಚೂರು ನಾಚ್ಕೊಂಡು ನಗಿ" ಅಂತ ಮಕ್ಕಳಿಗೆ ಹೇಳುತ್ತಿದ್ದ.

"ಯಾರನ್ನ ನೋಡಿ ನಾಚ್ಕೋಬೇಕು ಸಾರ್?" ಅಂತ ಎತ್ತರದ ಹುಡುಗಿ ಕೇಳಿದಳು. ಅವನು ಯೋಚನೆ ಮಾಡಿ ಗರ್ಭಗುಡಿಯ ಕಡೆ ಕೈ ತೋರಿಸಿದ.

ರೆಕಾರ್ಡಾದ ಹಾಡನ್ನು ಸ್ಪೀಕರಿನಲ್ಲಿ ಹಾಕುವುದು, ಮಕ್ಕಳು ಅದಕ್ಕೆ ಬಾಯಿ ಆಡಿಸುವುದು ಅಂತ ಏರ್ಪಾಡು. ಸ್ಪೀಕರು ಟಿಫಿನ್ ಡಬ್ಬಿಯಷ್ಟು, ಕೆಂಪು ಬಣ್ಣದ್ದು. ವೈರಿಲ್ಲ, ಅವನ ಫೋನಿನಿಂದಲೇ ಹಾಡು ಬರುತ್ತಿತ್ತು. ಎರಡನೇ ನುಡಿ ಶುರುವಾಗುವ ಹೊತ್ತಿಗೆ ಒಂದು ದೊಡ್ಡ ಗಂಡುಕೋತಿ ಇಳಿದು ಬಂದು, ಆ ಡಬ್ಬಿಯನ್ನು ಬಗಲಿಗೆ ಅವುಚಿಕೊಂಡು ಮರದ ತುದಿ ಸೇರಿತು. ಎಲೆಗಳ ಮರೆಯಿಂದ ಹಾಡು ಮಾತ್ರ ಕೇಳುತ್ತಿತ್ತು.

ಆಗಲೇ ಬೆಳುಗುಪ್ಪದ ಬಸ್ಸಿನಲ್ಲಿ ಬಂದ ಭಕ್ತರು ಗುಡಿಯ ಹತ್ತಿರ ಬಂದರು. ಮರ ಹಾಡುತ್ತಿದೆ! ಒಬ್ಬಾಕೆ ಚೀಲ ಕೆಳಗಿಟ್ಟು, "ಹನುಮಪ್ಪ ತನ್ನ ಹಾಡು ತಾನೇ ಹೇಳ್ಕೋತಾವ್ನೆ ಕಣಮ್ಮೋ!" ಅಂತ ಕೂಗಿ ಮರದ ಬುಡದಲ್ಲಿ ತೆಂಗಿನಕಾಯಿ ಒಡೆದಳು. ಮಿಕ್ಕವರೂ ಕೈಮುಗಿದರು. "ಅದು ಸ್ಪೀಕರಮ್ಮ" ಅಂತ ನಾನು ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ.

ಹಾಡು ನಿಲ್ಲಿಸೋಣ ಅಂತ ವಿಡಿಯೋಗ್ರಾಫರು ಫೋನು ತೆಗೆದ. ಅದೇ ಕ್ಷಣಕ್ಕೆ ಅವನ ಹೆಂಡತಿಯ ಕರೆ ಬಂತು. ಗಾಬರಿಯಲ್ಲಿ ಏನು ಒತ್ತಿದನೋ, ಹಾಡು ನಿಂತು, ಮರದ ಮೇಲಿನಿಂದ ಆಕೆಯ ದನಿ ಮೊಳಗಿತು. "ಏಮಯ್ಯಾ! ಎಕ್ಕಡ ತಿರುಗುತುನ್ನಾವು? ಇಂಟ್ಲೋ ಗ್ಯಾಸ್ ಅಯಿಪೋಯಿಂದಿ!"

ಕೋತಿ ಹೆದರಿ ಸ್ಪೀಕರನ್ನು ಕೈಬಿಟ್ಟಿತು. ಅದು ಕೊಂಬೆಯಿಂದ ಕೊಂಬೆಗೆ ಬಡಿದು ವಿಡಿಯೋಗ್ರಾಫರ ಕಾಲ ಬುಡಕ್ಕೆ ಬಿತ್ತು.

"ಹೆಂಗ್ಸಿನ ದನಿ! ಯಾರಮ್ಮ ಅದು?" ಅಂದಳು ಕಾಯಿ ಒಡೆದವಳು.

"ಇನ್ಯಾರು? ಸೀತಮ್ಮೋರು" ಅಂದಳು ಪಕ್ಕದವಳು. "ಎಲ್ಲಿ ತಿರುಗ್ತಾ ಇದ್ದೀಯಾ ಅಂತ ಹನುಮಪ್ಪನ್ನ ಕೇಳ್ತಾವ್ರೆ. ಮನೇಲಿ ಗ್ಯಾಸ್ ಆಗೋಯ್ತಂತೆ."

ಅವರ ಜೊತೆ ಬಂದಿದ್ದ ಮುದುಕರೊಬ್ಬರು ಟವೆಲಿನಿಂದ ಮುಖ ಒರೆಸಿಕೊಂಡು ನಿಟ್ಟುಸಿರುಬಿಟ್ಟರು. "ಅಶೋಕವನದಲ್ಲೂ ಗ್ಯಾಸಿಗೆ ಕಷ್ಟ ಐತೆ ಅನ್ನು."

ಶುಭ ವಿವಾಹ

ಹನುಮ ಜಯಂತಿ ಬಂತು. ಗುಡಿಯ ಮುಂದೆ ಬಿಳಿ ಪರದೆ ಕಟ್ಟಿದರು. ಸೂರ್ಯ ಮುಳುಗುತ್ತಿದ್ದಂತೆ ಜನ ಕೂಡಿದರು. ಅವ್ವನ ತವರಿನವರೆಲ್ಲ ಬಂದಿದ್ದರು. ಕುಂದುರ್ಪಿಯಿಂದ ನನ್ನ ಸೋದರಮಾವ ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದಿದ್ದ. "ಈ ವಯಸ್ಸಲ್ಲಿ ನಮ್ಮಕ್ಕಂಗೆ ಸಿನಿಮಾ ಹುಚ್ಚು" ಅಂತ ಅವನು ಎಲ್ಲರೆದುರು ಆಡಿಕೊಂಡಿದ್ದು ಅವ್ವನ ಕಿವಿಗೂ ಬಿದ್ದಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಕೂತಳು. ಕೈ ತಣ್ಣಗಿತ್ತು. ಅವ್ವ ಯಾವುದಕ್ಕಾದರೂ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ.

ಅಪ್ಪನೂ ಬಂದಿದ್ದರು. ಅಪ್ಪನದು ಮಾತು ಕಡಿಮೆ. ಅವ್ವನ ಜೊತೆ ಇಷ್ಟು ವರ್ಷ ಬಾಳಿದವರಿಗೆ ಮಾತಿನ ಸರದಿ ಬರುವುದೇ ಅಪರೂಪ.

ವಿಡಿಯೋ ಶುರುವಾಯಿತು. ಪರದೆಯ ಮೇಲೆ ಮಕ್ಕಳು ಕಂಡ ಕೂಡಲೇ ತಾಯಂದಿರೆಲ್ಲ ಅವರವರ ಮಕ್ಕಳ ಹೆಸರು ಹಿಡಿದು ಕೂಗಿದರು. ಬೆಟ್ಟ, ಗುಡಿ, ಕೋತಿ ಎಲ್ಲ ಸೊಗಸಾಗಿ ಬಂದಿತ್ತು. ಅವ್ವನ ಹಿಡಿತ ಸಡಿಲವಾಯಿತು. ನಾನೂ ಉಸಿರುಬಿಟ್ಟೆ.

ಆದರೆ ನಮ್ಮ ವಿಡಿಯೋಗ್ರಾಫರಿಗೆ ಅದು ಮದುವೆ ಸೀಸನ್. ಪುರುಸೊತ್ತಿಲ್ಲದೆ, ಮದುವೆ ವಿಡಿಯೋಗಳಿಗೆ ಇಟ್ಟುಕೊಂಡಿದ್ದ ಅಚ್ಚಿನಲ್ಲೇ ನಮ್ಮ ಹಾಡನ್ನೂ ಕೂರಿಸಿದ್ದ. ಗಂಡಿನ ಹೆಸರು, ಹೆಣ್ಣಿನ ಹೆಸರು, ಛತ್ರದ ವಿಳಾಸ ಎಲ್ಲ ಜೋ‌ಪಾನವಾಗಿ ಅಳಿಸಿದ್ದನಂತೆ. ಒಂದು ಕಡೆ ಮಾತ್ರ ಮರೆತಿದ್ದ. ಮೊದಲಲ್ಲಿ ಹಾಕಲು ಸ್ವಾಮಿಯ ಒಂದು ಫೋಟೋ, ಹಾಡು ಕೊಟ್ಟವರು ಅಂತ ಕೊನೆಯಲ್ಲಿ ಹಾಕಲು ಅವ್ವನ ಒಂದು ಫೋಟೋ ನಾನೇ ಕೊಟ್ಟಿದ್ದೆ.

ಕೊನೆಯ ನುಡಿ ಇನ್ನೇನು ಬರಬೇಕು, ಇದ್ದಕ್ಕಿದ್ದ ಹಾಗೆ ನಾದಸ್ವರ, ಗಟ್ಟಿಮೇಳ! ಪರದೆಯ ಎಡಗಡೆಯಿಂದ ಒಂದು ಗುಲಾಬಿ ಬಣ್ಣದ ಹೃದಯ ಹಾರಿಬಂತು, ಬಲಗಡೆಯಿಂದ ಇನ್ನೊಂದು. ಎಡಗಡೆಯದರಲ್ಲಿ ಸಿಂಧೂರ ಬಳಿದ ಆಂಜನೇಯಸ್ವಾಮಿ. ಬಲಗಡೆಯದರಲ್ಲಿ ಕನ್ನಡಕ ಹಾಕಿಕೊಂಡು ಮುಖ ಗಂಟಿಕ್ಕಿದ ನಮ್ಮವ್ವ. ಎರಡೂ ಬಂದು ನಡುವೆ ಕೂಡಿಕೊಂಡವು. ಮೇಲಿನಿಂದ ಹೂವಿನ ಮಳೆ. ಕೆಳಗೆ ಬಂಗಾರದ ಅಕ್ಷರದಲ್ಲಿ "ಶುಭ ವಿವಾಹ". ಅದರ ಕೆಳಗೆ ನಮ್ಮ ಮಕ್ಕಳೆಲ್ಲ ಮದುವೆಗೆ ಕರೆಯುವವರ ಹಾಗೆ ಕೈಮುಗಿದು ನಿಂತಿದ್ದರು.

ವಿಡಿಯೋಗ್ರಾಫರು ಲ್ಯಾಪ್‌ಟಾಪಿನ ಗುಂಡಿಗಳನ್ನೆಲ್ಲ ಒತ್ತಿದ. ಲ್ಯಾಪ್‌ಟಾಪು ಅಲ್ಲಿಗೇ ನಿಂತುಬಿಟ್ಟಿತು. ದೇವರ ಮುಂದೆ, ಊರಿನ ಮುಂದೆ, ತವರಿನವರ ಮುಂದೆ ಆ ಜೋಡಿ ಅಲುಗಾಡದೆ ನಿಂತಿತು.

ಮೊದಲು ಬಾಯಿ ಬಿಟ್ಟವರು ಪೂಜಾರಿಗಳು. ಒಳ್ಳೆಯವರು, ಹೇಗಾದರೂ ಮಾಡಿ ನಮ್ಮ ಮಾನ ಉಳಿಸಬೇಕು ಅಂತ ಅವರಿಗೆ. "ಪರವಾಲೇದಮ್ಮಾ, ದೋಷ ಏನಿಲ್ಲ. ನಮ್ಮ ತೆಲುಗು ಕಡೆ ಸ್ವಾಮಿವಾರಿಗೆ ಸುವರ್ಚಲಾದೇವಿ ಜೊತೆ ಕಲ್ಯಾಣ ಮಾಡೋ ಪದ್ಧತಿ ಉಂಟು" ಅಂದರು.

ನನ್ನ ಸೋದರಮಾವ ಎದ್ದು ನಿಂತ. "ಯಾವ ಕಲ್ಯಾಣ ಸ್ವಾಮಿ? ನಮ್ಮ ಕಡೆ ಹನುಮಪ್ಪ ಬ್ರಹ್ಮಚಾರಿ! ಅವನಿಗೆ ಮದ್ವೆ ಮಾಡೋಕೆ ನೀವ್ಯಾರು?"

"ಶಾಸ್ತ್ರಂಲೋ ಉಂದಯ್ಯಾ" ಅಂತ ಹಿಂದಿನಿಂದ ಒಬ್ಬರು.

"ಶಾಸ್ತ್ರದಾಗೆ ನಮ್ಮಕ್ಕನ ಫೋಟೋ ಐತಾ?" ಅಂತ ಇವನು.

ಜನ ಎರಡು ಪಾಲಾದರು. ತೆಲುಗಿನವರು ಮದುವೆ ಆಗಿದೆ ಅಂತ, ಕನ್ನಡದವರು ಆಗಿಲ್ಲ ಅಂತ. ಮಕ್ಕಳು ಅಳುವ ಹಾಗಾದರು. ಇಷ್ಟು ದಿನದ ಪಾಡೆಲ್ಲ ನಗೆಪಾಟಲಾಯಿತಲ್ಲ ಅಂತ ನನಗೂ ಅನ್ನಿಸಿತು. ಆಗ ಅವ್ವ ನನ್ನ ಕೈ ಬಿಡಿಸಿಕೊಂಡು ಎದ್ದಳು.

"ಏಯ್, ಸುಮ್ಕೆ ಕುಂತ್ಕಳ್ರೋ! ಅವನು ಬ್ರಹ್ಮಚಾರೀನೋ ಸಂಸಾರಿನೋ ಆಮೇಲೆ ಅವನ್ನೇ ಕೇಳ್ಕಳಿ. ಹಾಡು ಇನ್ನೂ ಮುಗ್ದಿಲ್ಲ. ಹಾಡ್ರೇ ಮಕ್ಳಾ."

ಅವಳೇ ಎತ್ತಿಕೊಟ್ಟಳು. ಮಕ್ಕಳು ಹಿಡಿದುಕೊಂಡರು. ಮೈಕಿಲ್ಲ, ಸ್ಪೀಕರಿಲ್ಲ. ಆ ಸಂಜೆಗತ್ತಲಲ್ಲಿ ಬರೀ ಗಂಟಲಿನಿಂದ ಬಂದ ಹಾಡಿಗೆ ಎರಡು ಪಾಲಾಗಿದ್ದ ಜನ ಒಬ್ಬೊಬ್ಬರಾಗಿ ಕೂತರು. ಪಲ್ಲವಿ ತಿರುಗಿ ಬಂದಾಗ ಹಿಂದಿನ ಸಾಲಿನ ಹೆಂಗಸರೂ ದನಿಗೂಡಿಸಿದರು. ಮುಗಿದ ಮೇಲೆ ನಾಲ್ಕಾರು ಜನ ಅವ್ವನನ್ನು ಸುತ್ತಿಕೊಂಡು, "ನಮಗೂ ಹೇಳ್ಕೊಡವ್ವ, ಇಲ್ಲೇ ಶನಿವಾರ ಹೇಳ್ಕೋತೀವಿ" ಅಂತ ಕೇಳಿದರು. ಅವ್ವ ಬಿಗುಮಾನದಿಂದ "ನೋಡಾನ" ಅಂದಳು. ಸೋದರಮಾವ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟ.

ಎಲ್ಲರೂ ಪ್ರಸಾದಕ್ಕೆ ಎದ್ದಮೇಲೆ ನೋಡಿದರೆ ಅಪ್ಪ ಒಬ್ಬರೇ ಕೂತಿದ್ದರು, ಪರದೆಯನ್ನೇ ನೋಡುತ್ತ. ಅಲ್ಲಿ ಆ ಎರಡು ಹೃದಯ ಹಾಗೆಯೇ ಅಂಟಿಕೊಂಡಿದ್ದವು. ನನಗೆ ಸಂಕಟವಾಯಿತು. ಪಕ್ಕದಲ್ಲಿ ಹೋಗಿ ಕೂತೆ.

"ಬೇಜಾರಾಯ್ತೇನಪ್ಪ?"

ಅಪ್ಪ ನಿಧಾನವಾಗಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬೇಜಾರ್ಯಾಕಮ್ಮ? ಅವನು ಸಂಜೀವಿನಿ ಬೆಟ್ಟ ಎತ್ಕೊಂಡೋದ. ಕೆಲ್ಸ ಆದ್ಮೇಲೆ ಅದನ್ನ ಇದ್ದ ಜಾಗದಲ್ಲೇ ತಂದಿಕ್ಲಿಲ್ವಾ? ನಿಮ್ಮವ್ವ ಬೆಟ್ಟಕ್ಕಿಂತ ಭಾರ. ಊಟದ ಹೊತ್ತಿಗೇ ತಂದಿಕ್ತಾನೆ ಬುಡು."